ಕ್ಲಾಸ್ಟ್ರಿಡಿಯಂ ಸ್ಟಿಕ್‌ಲ್ಯಾಂಡಿಯೈ

ಗಾಳಿ ಸುಳಿಯದ ಕೆಸರಿನಲ್ಲಿ ಬದುಕುವ, ಅಮೈನೋ ಆಮ್ಲಗಳನ್ನು ಒಡೆದು ಶಕ್ತಿ ಪಡೆಯುವ ಒಂದು ಬ್ಯಾಕ್ಟೀರಿಯಾ. ಈಗಿನ ವರ್ಗೀಕರಣದಲ್ಲಿ ಇದರ ಹೆಸರು ಅಸಿಟೊಅನೇರೋಬಿಯಂ ಸ್ಟಿಕ್‌ಲ್ಯಾಂಡಿಯೈ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಪ್ಪು ಕೆಸರಿನಿಂದ ಇದನ್ನು ಬೇರ್ಪಡಿಸಿದವರು ಜೀವರಸಾಯನ ವಿಜ್ಞಾನಿ ಥ್ರೆಸ್ಸಾ ಸ್ಟಾಡ್ಟ್‌ಮನ್. ಮೊದಲ ವಿವರ 1954ರಲ್ಲಿ ಪ್ರಕಟವಾಯಿತು. 1957ರಲ್ಲಿ ಅವರೂ ಎಲ್. ಎಸ್. ಮೆಕ್‌ಕ್ಲಂಗ್ ಅವರೂ ಸೇರಿ ಇದನ್ನು ಹೊಸ ಪ್ರಭೇದವೆಂದು ಹೆಸರಿಸಿದರು. ಇದು ರೋಗ ತರುವ ಜೀವಿಯಲ್ಲ. ಮೊಸರು, ಮದ್ಯಸಾರ, ಔಷಧ ಮುಂತಾದ ಯಾವ ತಯಾರಿಕೆಯಲ್ಲೂ ಹೆಸರು ಮಾಡಿದ್ದಲ್ಲ. ಹಾಗಿದ್ದೂ ಜೀವರಸಾಯನಶಾಸ್ತ್ರದ ಎರಡು ದೊಡ್ಡ ಪ್ರಶ್ನೆಗಳಿಗೆ ಇದರಿಂದ ಉತ್ತರ ಸಿಕ್ಕಿತು. ಆಮ್ಲಜನಕವೂ ಸಕ್ಕರೆಯೂ ಇಲ್ಲದ ಕಡೆ ಬರಿಯ ಅಮೈನೋ ಆಮ್ಲಗಳಿಂದ ಜೀವ ನಡೆಸುವುದು ಹೇಗೆ ಎಂಬುದು ಒಂದು. ವಿಷವೆಂದೇ ಹೆಸರಾಗಿದ್ದ ಸೆಲೆನಿಯಂ ಜೀವಕ್ಕೆ ಯಾಕೆ ಬೇಕು ಎಂಬುದು ಇನ್ನೊಂದು.

ರೂಪ ಮತ್ತು ನೆಲೆ

ತೆಳ್ಳಗಿನ ಕೋಲಿನ ಆಕಾರ, ಕೆಲವೇ ಮೈಕ್ರೊಮೀಟರ್ ಉದ್ದ. ಗ್ರಾಂ ಪಾಸಿಟಿವ್ ಗುಂಪಿಗೆ ಸೇರಿದ್ದು. ಕಶಾಂಗಗಳ ನೆರವಿನಿಂದ ಚಲಿಸಬಲ್ಲದು. ಕಟ್ಟುನಿಟ್ಟಿನ ಅವಾಯುಜೀವಿಯಾದ್ದರಿಂದ ಆಮ್ಲಜನಕ ತಗುಲಿದರೆ ಬೆಳವಣಿಗೆ ನಿಲ್ಲುತ್ತದೆ. ಇಂಥ ಜೀವಿಯನ್ನು ಪ್ರಯೋಗಾಲಯದಲ್ಲಿ ಸಾಕುವುದೇ ಒಂದು ಕಸುಬು. ಪೋಷಕ ದ್ರಾವಣವನ್ನು ಮೊದಲು ಕುದಿಸಿ ಕರಗಿರುವ ಗಾಳಿಯನ್ನು ಓಡಿಸಬೇಕು. ಆರುವಾಗ ಮೇಲೆ ನೈಟ್ರೋಜನ್ ಅನಿಲ ಹಾಯಿಸುತ್ತಿರಬೇಕು. ಉಳಿದ ಚೂರುಪಾರು ಆಮ್ಲಜನಕವನ್ನು ಹೀರಿಕೊಳ್ಳಲು ಸಿಸ್ಟೀನ್ ಅಥವಾ ಸೋಡಿಯಂ ಸಲ್ಫೈಡ್ ಬೆರೆಸಬೇಕು. ರೆಸಾಜುರಿನ್ ಎಂಬ ಬಣ್ಣವನ್ನೂ ಒಂದಿಷ್ಟು ಸೇರಿಸುವುದು ವಾಡಿಕೆ. ಬಾಟಲಿಯೊಳಗೆ ಆಮ್ಲಜನಕ ಪೂರ್ತಿ ತೊಲಗಿದಾಗ ದ್ರಾವಣದ ನಸುಗೆಂಪು ಮಾಯವಾಗಿ ಅದು ಬಣ್ಣಗೆಡುತ್ತದೆ. ರಬ್ಬರ್ ಬಿರಡೆಯ ಅಂಚಿನಿಂದ ಕೂದಲೆಳೆಯಷ್ಟು ಗಾಳಿ ನುಸುಳಿದರೂ ಮೇಲ್ಭಾಗದಲ್ಲಿ ಗುಲಾಬಿ ಬಣ್ಣದ ಪಟ್ಟಿ ಕಾಣಿಸಿಕೊಂಡು, ಆ ಬಾಟಲಿ ಕೆಟ್ಟಿತೆಂದು ಹೇಳಿಬಿಡುತ್ತದೆ.

ಆಹಾರದ ವಿಷಯದಲ್ಲಿ ಇದರ ರುಚಿ ನಿಚ್ಚಳ. ಯೀಸ್ಟ್ ಸಾರ, ಟ್ರಿಪ್ಟೋನ್ ಮುಂತಾದ, ಪ್ರೋಟೀನಿನ ತುಣುಕುಗಳು ತುಂಬಿದ ಪೋಷಕಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಸಕ್ಕರೆಗಳಿಂದ ಅದಕ್ಕೆ ಹೆಚ್ಚಿನ ಪ್ರಯೋಜನವಿಲ್ಲ.

ನಿಸರ್ಗದಲ್ಲಿ ಇಂಥ ಜೀವಿಗಳ ಕೆಲಸ ದೊಡ್ಡದು. ಸತ್ತ ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳ ಪ್ರೋಟೀನ್ ಕೆರೆಯ ಹೂಳಿಗೋ ಚರಂಡಿಯ ತಳಕ್ಕೋ ಕಡಲ ಕೆಸರಿಗೋ ಇಳಿದ ಮೇಲೆ ಅಲ್ಲಿ ಆಮ್ಲಜನಕ ಇರುವುದಿಲ್ಲ. ಪ್ರೋಟೀನ್ ತುಂಡಾಗಿ ಅಮೈನೋ ಆಮ್ಲಗಳು ಬಿಡುಗಡೆಯಾದಾಗ ಅವನ್ನು ಒಡೆಯುವ ಬ್ಯಾಕ್ಟೀರಿಯಾಗಳು ಅಸಿಟಿಕ್ ಆಮ್ಲ, ಬ್ಯುಟಿರಿಕ್ ಆಮ್ಲ, ಇಂಗಾಲದ ಡೈ ಆಕ್ಸೈಡ್ ಮತ್ತು ಅಮೋನಿಯ ಹೊರಬಿಡುತ್ತವೆ. ಕೊಳೆತ ಮಾಂಸಕ್ಕೂ ಕದಡಿದ ಹೂಳಿಗೂ ಇರುವ ಗಬ್ಬುನಾತದಲ್ಲಿ ಈ ಕ್ರಿಯೆಗಳ ಪಾಲು ಬಹಳ. ಅಸಿಟಿಕ್ ಆಮ್ಲ ಮುಂದೆ ಮೀಥೇನ್ ತಯಾರಿಸುವ ಜೀವಿಗಳ ಕೈಸೇರುತ್ತದೆ. ಸಾರಜನಕ ಅಮೋನಿಯವಾಗಿ ಮತ್ತೆ ಚಲಾವಣೆಗೆ ಬರುತ್ತದೆ. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಗುಂಡಿಗಳಲ್ಲೂ ನಡೆಯುವುದು ಇದೇ ಬಗೆಯ ಕೆಲಸ. ಅಲ್ಲಿಂದ ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರವಾಗುವುದಕ್ಕೆ ಅದರಲ್ಲಿ ಉಳಿಯುವ ಅಮೋನಿಯ ರೂಪದ ಸಾರಜನಕವೂ ಕಾರಣ. ಕೋಳಿಗೊಬ್ಬರದಂಥ ಸಾರಜನಕ ಹೆಚ್ಚಿರುವ ವಸ್ತುವನ್ನು ಅತಿಯಾಗಿ ತುಂಬಿದರೆ ಅಮೋನಿಯ ಮಿತಿಮೀರಿ ಅನಿಲದ ಉತ್ಪಾದನೆ ಕುಗ್ಗುವುದೂ ಉಂಟು.

ಸ್ಟಿಕ್‌ಲ್ಯಾಂಡ್ ಕ್ರಿಯೆ

ಈ ಜೀವಿಯ ಹೆಸರಿನಲ್ಲಿರುವ ಎಲ್. ಎಚ್. ಸ್ಟಿಕ್‌ಲ್ಯಾಂಡ್ ಅದನ್ನು ಕಂಡುಹಿಡಿದವರಲ್ಲ. ಅವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಸೂಕ್ಷ್ಮಜೀವಿಗಳ ಜೀವರಸಾಯನಕ್ಕೆ ಬುನಾದಿ ಹಾಕಿದ ಮಾರ್ಜರಿ ಸ್ಟೀಫನ್‌ಸನ್ ಅವರ ಜತೆ ಕೆಲಸ ಮಾಡಿದವರು. ಜಲಜನಕ ಅನಿಲವನ್ನು ಬಳಸಿಕೊಳ್ಳುವ ಹೈಡ್ರೋಜಿನೇಸ್ ಎಂಬ ಕಿಣ್ವವನ್ನು 1931ರಲ್ಲಿ ಈ ಇಬ್ಬರು ಗುರುತಿಸಿ ಹೆಸರಿಸಿದ್ದರು. ಅದಾದ ಮೇಲೆ ಸ್ಟಿಕ್‌ಲ್ಯಾಂಡ್ ಎತ್ತಿಕೊಂಡದ್ದು ಕ್ಲಾಸ್ಟ್ರಿಡಿಯಂ ಸ್ಪೊರೊಜೀನಿಸ್ ಎಂಬ ಬೇರೊಂದು ಬ್ಯಾಕ್ಟೀರಿಯಾವನ್ನು. ಅದು ಸಕ್ಕರೆಯ ಹಂಗಿಲ್ಲದೆ ಪ್ರೋಟೀನಿನ ಮೇಲೆ ಬೆಳೆಯುತ್ತದೆಂದು ಗೊತ್ತಿತ್ತು. ಶಕ್ತಿ ಎಲ್ಲಿಂದ ಎಂಬುದು ಗೊತ್ತಿರಲಿಲ್ಲ.

ತೊಡಕು ಎಲ್ಲಿದೆಯೆಂದು ಮೊದಲು ತಿಳಿಯಬೇಕು. ಯಾವುದೇ ಆಹಾರದಿಂದ ಶಕ್ತಿ ಪಡೆಯಬೇಕಾದರೆ ಅದನ್ನು ಉತ್ಕರ್ಷಿಸಬೇಕು, ಅಂದರೆ ಅದರಿಂದ ಎಲೆಕ್ಟ್ರಾನುಗಳನ್ನು ತೆಗೆಯಬೇಕು. ತೆಗೆದ ಎಲೆಕ್ಟ್ರಾನುಗಳನ್ನು ಇನ್ನೊಂದು ವಸ್ತುವಿಗೆ ದಾಟಿಸದಿದ್ದರೆ ಕ್ರಿಯೆ ಅಲ್ಲೇ ನಿಲ್ಲುತ್ತದೆ. ಉಸಿರಾಡುವ ನಾವು ಅವನ್ನು ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ಯೀಸ್ಟ್ ಸಕ್ಕರೆಯಿಂದಲೇ ಹುಟ್ಟಿದ ಅಸಿಟಾಲ್ಡಿಹೈಡಿಗೆ ಅವನ್ನು ದಾಟಿಸಿ ಮದ್ಯಸಾರ ಮಾಡುತ್ತದೆ. ಕೆಸರಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವಿಲ್ಲ, ಸಕ್ಕರೆಯೂ ಇಲ್ಲ.

ಸ್ಟಿಕ್‌ಲ್ಯಾಂಡ್ ಮಾಡಿದ ಪ್ರಯೋಗ ಸರಳತೆಗೆ ಒಂದು ಮಾದರಿ. ಬೆಳೆದ ಬ್ಯಾಕ್ಟೀರಿಯಾಗಳನ್ನು ತೊಳೆದು, ಅವಕ್ಕೆ ಬೇರೆ ಯಾವ ಆಹಾರವೂ ಇಲ್ಲದಂತೆ ಮಾಡಿದರು. ಆಮೇಲೆ ಒಂದೊಂದೇ ಅಮೈನೋ ಆಮ್ಲವನ್ನು, ಎಲೆಕ್ಟ್ರಾನು ಪಡೆದಾಗ ಬಣ್ಣ ಬದಲಿಸುವ ರಾಸಾಯನಿಕಗಳೊಂದಿಗೆ ಕೊಟ್ಟು ನೋಡಿದರು. ಅಲನೀನ್ ಮುಂತಾದ ಕೆಲವು ಅಮೈನೋ ಆಮ್ಲಗಳನ್ನು ಹಾಕಿದಾಗ ಬ್ಯಾಕ್ಟೀರಿಯಾ ಆ ಬಣ್ಣಕ್ಕೆ ಎಲೆಕ್ಟ್ರಾನುಗಳನ್ನು ಕೊಟ್ಟಿತು. ಗ್ಲೈಸೀನ್, ಪ್ರೋಲೀನ್ ಹಾಕಿದಾಗ ಇದಕ್ಕೆ ತಿರುಗುಮುರುಗಾಗಿ, ಬಣ್ಣದಲ್ಲಿ ಮೊದಲೇ ಇದ್ದ ಎಲೆಕ್ಟ್ರಾನುಗಳು ಖಾಲಿಯಾದವು. ಅಂದರೆ ಅಮೈನೋ ಆಮ್ಲಗಳಲ್ಲಿ ಎಲೆಕ್ಟ್ರಾನು ಕೊಡುವವು ಕೆಲವು, ಪಡೆಯುವವು ಕೆಲವು. ಇವನ್ನು ಬಿಡಿಬಿಡಿಯಾಗಿ ಕೊಟ್ಟರೆ ಬ್ಯಾಕ್ಟೀರಿಯಾಕ್ಕೆ ಲಾಭವಿಲ್ಲ. ಬಣ್ಣವನ್ನು ಬಿಟ್ಟು ಕೊಡುವ ಒಂದನ್ನೂ ಪಡೆಯುವ ಒಂದನ್ನೂ ಜೋಡಿಯಾಗಿ ಕೊಟ್ಟಾಗ ಎರಡೂ ಕರಗಿ ಅಮೋನಿಯ ಹೊರಬಂತು. 1934ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಸ್ಟಿಕ್‌ಲ್ಯಾಂಡ್ ಕ್ರಿಯೆ ಎಂಬ ಹೆಸರು ನಿಂತಿತು. ಪಠ್ಯಪುಸ್ತಕಗಳು ಕೊಡುವ ಉದಾಹರಣೆಯ ಲೆಕ್ಕ ಹೀಗೆ: ಒಂದು ಅಲನೀನ್, ಎರಡು ಗ್ಲೈಸೀನ್, ಎರಡು ನೀರಿನ ಅಣುಗಳು ಸೇರಿ ಮೂರು ಅಸಿಟಿಕ್ ಆಮ್ಲ, ಮೂರು ಅಮೋನಿಯ, ಒಂದು ಇಂಗಾಲದ ಡೈ ಆಕ್ಸೈಡ್. ಅಲನೀನ್ ಬಿಟ್ಟುಕೊಡುವ ನಾಲ್ಕು ಎಲೆಕ್ಟ್ರಾನುಗಳನ್ನು ಎರಡು ಗ್ಲೈಸೀನುಗಳು ತಲಾ ಎರಡರಂತೆ ಹಂಚಿಕೊಳ್ಳುತ್ತವೆ.

ಇದರಲ್ಲಿ ಸಿಗುವ ಶಕ್ತಿ ಕಡಿಮೆ. ಆಮ್ಲಜನಕ ಬಳಸಿ ಒಂದು ಗ್ಲೂಕೋಸಿನಿಂದ ಜೀವಕೋಶ ಶಕ್ತಿ ಹೊರುವ ಅಣುವಾದ ಎಟಿಪಿಯನ್ನು ಸುಮಾರು 30ರಷ್ಟು ಗಳಿಸಿದರೆ, ಇಲ್ಲಿ ಒಂದು ಅಮೈನೋ ಆಮ್ಲಕ್ಕೆ ಬಹುಮಟ್ಟಿಗೆ ಒಂದು ಎಟಿಪಿ. ಅದಕ್ಕಾಗಿಯೇ ಈ ಬ್ಯಾಕ್ಟೀರಿಯಾಗಳು ಬದುಕಲು ರಾಶಿರಾಶಿ ಅಮೈನೋ ಆಮ್ಲಗಳನ್ನು ಒಡೆಯಬೇಕು, ರಾಶಿರಾಶಿ ಅಮೋನಿಯ ಬಿಡಬೇಕು.

ಕೊಲ್ಲಿಯ ಕೆಸರಿನಿಂದ ಬೆಥೆಸ್ಡಾಕ್ಕೆ

ಥ್ರೆಸ್ಸಾ ಕ್ಯಾಂಪ್‌ಬೆಲ್ ಸ್ಟಾಡ್ಟ್‌ಮನ್ (1920-2016) ನ್ಯೂಯಾರ್ಕ್ ರಾಜ್ಯದವರು. ಕಾರ್ನೆಲ್‌ನಲ್ಲಿ ಓದಿ, ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಎಚ್. ಎ. ಬಾರ್ಕರ್ ಅವರ ಬಳಿ 1949ರಲ್ಲಿ ಪಿಎಚ್‌.ಡಿ. ಪಡೆದರು. ಬಾರ್ಕರ್ ಅವಾಯುಜೀವಿಗಳ ದೊಡ್ಡ ಪಂಡಿತ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕೆಸರು ಅವರ ಪ್ರಯೋಗಾಲಯಕ್ಕೆ ಹತ್ತಿರದ ಭಂಡಾರ. ಮೀಥೇನ್ ತಯಾರಿಸುವ ಮೀಥನೊಕಾಕಸ್ ವ್ಯಾನಿಯೆಲಿಯೈ ಎಂಬ ಜೀವಿಯನ್ನು ಗುರುಶಿಷ್ಯರಿಬ್ಬರೂ ಸೇರಿ 1951ರಲ್ಲಿ ವಿವರಿಸಿದ್ದು ಆ ಕೆಸರಿನಿಂದಲೇ.

ಥ್ರೆಸ್ಸಾರ ಪತಿ ಅರ್ಲ್ ಸ್ಟಾಡ್ಟ್‌ಮನ್ ಕೂಡ ಜೀವರಸಾಯನ ವಿಜ್ಞಾನಿ. ಗಂಡಹೆಂಡಿರಿಬ್ಬರಿಗೂ ಒಂದೇ ಕಡೆ ಕೆಲಸ ಕೊಡಬಾರದೆಂಬ ನಿಯಮ ಆಗ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿತ್ತು. ಹೆಚ್ಚಿನ ಕಡೆಗಳಲ್ಲಿ ಅದರ ಹೊಡೆತ ಬೀಳುತ್ತಿದ್ದುದು ಹೆಂಡತಿಯ ವೃತ್ತಿಯ ಮೇಲೆ. ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1950ರಲ್ಲಿ ಇಬ್ಬರಿಗೂ ಸ್ವತಂತ್ರ ಸ್ಥಾನ ಕೊಟ್ಟಿತು. ಹೃದ್ರೋಗ ಸಂಶೋಧನೆಗೆಂದು ಸ್ಥಾಪಿಸಿದ ವಿಭಾಗದಲ್ಲಿ ಕುಳಿತು ಥ್ರೆಸ್ಸಾ ಅವರಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೆಸರಿನ ಬ್ಯಾಕ್ಟೀರಿಯಾಗಳನ್ನು ಅಭ್ಯಾಸ ಮಾಡಲು ಸಾಧ್ಯವಾಯಿತು. ಯಾವ ಕಾಯಿಲೆಗೂ ನೇರ ಸಂಬಂಧವಿಲ್ಲದ ಒಂದು ಜೀವಿಯ ಮೇಲೆ ಇಷ್ಟು ವರ್ಷ ಹಣವನ್ನೂ ನಂಬಿಕೆಯನ್ನೂ ಇಟ್ಟ ಆ ಆಡಳಿತಕ್ಕೆ ವಿಜ್ಞಾನ ಋಣಿಯಾಗಿದೆ. ಅರ್ಲ್ 1969ರಲ್ಲಿ, ಥ್ರೆಸ್ಸಾ 1981ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು.

ಯಾವುದು ಮೊದಲು, ಯಾವುದು ಆಮೇಲೆ

ಎಲ್ಲ ಅಮೈನೋ ಆಮ್ಲಗಳನ್ನೂ ಈ ಜೀವಿ ಒಟ್ಟಿಗೆ ಮುಕ್ಕುವುದಿಲ್ಲ. ಫ್ರಾನ್ಸಿನ ಸಂಶೋಧಕರು ಇದರ ಪೂರ್ಣ ಜೀನೋಮನ್ನು 2010ರಲ್ಲಿ ಪ್ರಕಟಿಸಿದಾಗ, ಬೆಳೆಯುತ್ತಿರುವ ದ್ರಾವಣದಲ್ಲಿ ಯಾವ ಅಮೈನೋ ಆಮ್ಲ ಯಾವಾಗ ಕಡಿಮೆಯಾಗುತ್ತದೆಂದೂ ಅಳೆದರು. ಥ್ರಿಯೊನೀನ್, ಆರ್ಜಿನೀನ್, ಸೆರೀನ್, ಸಿಸ್ಟೀನ್, ಪ್ರೋಲೀನ್, ಗ್ಲೈಸೀನ್ ಇದರ ಮೆಚ್ಚಿನವು. ಗ್ಲುಟಮೇಟ್, ಆಸ್ಪಾರ್ಟೇಟ್ ಮತ್ತು ಅಲನೀನ್‌ಗಳನ್ನು ಇದು ಬಳಸುವುದಿರಲಿ, ಹೊರಕ್ಕೇ ಹಾಕುತ್ತದೆ. ಸ್ಟಿಕ್‌ಲ್ಯಾಂಡ್ ಕ್ರಿಯೆಯ ಪಾಠವೆಂದರೆ ಅಲನೀನ್-ಗ್ಲೈಸೀನ್ ಜೋಡಿ ಎಂದು ನಾವು ಓದಿಕೊಂಡು ಬಂದಿದ್ದೇವೆ. ಆ ಕ್ರಿಯೆಯ ಹೆಸರನ್ನೇ ಹೊತ್ತ ಪ್ರಭೇದ ಅಲನೀನನ್ನು ತ್ಯಾಜ್ಯವಾಗಿ ಕಾಣುತ್ತದೆ. ಒಂದು ಜೀವಿಯ ಅಭ್ಯಾಸವನ್ನು ಅದರ ನೆಂಟನ ಮೇಲೆ ಹೊರಿಸಬಾರದೆಂಬುದಕ್ಕೆ ಇದು ಒಳ್ಳೆಯ ಎಚ್ಚರಿಕೆ.

ಆರ್ಜಿನೀನಿನ ದಾರಿ ಇವುಗಳಲ್ಲಿ ಸೊಗಸಾದದ್ದು. ಮೊದಲು ಅದು ಒಡೆದು ಆರ್ನಿಥೀನ್ ಆಗುವಾಗಲೇ ಒಂದು ಎಟಿಪಿ ಕೈಗೆ ಬರುತ್ತದೆ. ಆಮೇಲೆ ಆರ್ನಿಥೀನಿನ ಒಂದು ಪಾಲು ಉತ್ಕರ್ಷಣದ ದಾರಿ ಹಿಡಿದು ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಇನ್ನೊಂದು ಪಾಲು ಪ್ರೋಲೀನಾಗಿ ಮಾರ್ಪಟ್ಟು ಆ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುತ್ತದೆ. ಕೊಡುವುದೂ ಪಡೆಯುವುದೂ ಒಂದೇ ವಸ್ತುವಿನ ಎರಡು ಪಾಲು.

ಪ್ರೋಲೀನ್

ಜೀವಿಗಳ ಪ್ರೋಟೀನಿನಲ್ಲಿರುವ ಅಮೈನೋ ಆಮ್ಲಗಳು, ಗ್ಲೈಸೀನ್ ಒಂದನ್ನು ಬಿಟ್ಟರೆ, ಎಡಗೈ-ಬಲಗೈಗಳಂತೆ ಎರಡು ರೂಪಗಳಲ್ಲಿ ಇರಬಲ್ಲವು. ಪ್ರೋಟೀನಿನಲ್ಲಿ ಕಾಣುವುದು ಎಲ್-ರೂಪ. ಆದರೆ ಈ ಬ್ಯಾಕ್ಟೀರಿಯಾದಲ್ಲಿ ಪ್ರೋಲೀನಿಗೆ ಎಲೆಕ್ಟ್ರಾನು ಸೇರಿಸುವ ಕಿಣ್ವ ಡಿ-ರೂಪವನ್ನು ಮಾತ್ರ ಮುಟ್ಟುತ್ತದೆ. ಸ್ಟಾಡ್ಟ್‌ಮನ್ ಮತ್ತು ಎಲಿಯಟ್ 1957ರಲ್ಲಿ ಇದರ ಗುಟ್ಟನ್ನು ಬಿಡಿಸಿದರು: ಪ್ರೋಲೀನ್ ರೆಸಿಮೇಸ್ ಎಂಬ ಇನ್ನೊಂದು ಕಿಣ್ವ ಎಲ್-ರೂಪವನ್ನು ಡಿ-ರೂಪಕ್ಕೆ ತಿರುಗಿಸಿಕೊಡುತ್ತದೆ. ಬಳಿಕ ಡಿ-ಪ್ರೋಲೀನ್ ರಿಡಕ್ಟೇಸ್ ಅದರ ಉಂಗುರವನ್ನು ಒಡೆದು ಅಮೈನೊವಲೆರಿಕ್ ಆಮ್ಲವನ್ನಾಗಿ ಮಾಡುತ್ತದೆ. ಕಿಣ್ವಗಳು ಹೇಗೆ ಕೆಲಸ ಮಾಡುತ್ತವೆ ಎಂದು ಮೂಲದಿಂದ ತಿಳಿಯಬಯಸಿದ ರಸಾಯನ ವಿಜ್ಞಾನಿಗಳಿಗೆ ಈ ರೆಸಿಮೇಸ್ ಅಚ್ಚುಮೆಚ್ಚಿನ ವಸ್ತುವಾಯಿತು. 1980ರ ದಶಕದಲ್ಲಿ ಜೆರೆಮಿ ನೋಲ್ಸ್ ಮತ್ತು ಜಾನ್ ಆಲ್ಬೆರಿ ಅದರ ಕ್ರಿಯೆಯ ಒಂದೊಂದು ಹಂತವನ್ನೂ ಅಳೆದರು. ದಕ್ಷಿಣ ಅಮೆರಿಕದ ಷಾಗಾಸ್ ರೋಗಕ್ಕೆ ಕಾರಣವಾದ ಟ್ರಿಪನೊಸೋಮ ಪರೋಪಜೀವಿಯ ಒಂದು ಪ್ರೋಟೀನ್ ನಮ್ಮ ರೋಗನಿರೋಧಕ ಕಣಗಳನ್ನು ದಾರಿ ತಪ್ಪಿಸುತ್ತದೆ. ಅದು ಪ್ರೋಲೀನ್ ರೆಸಿಮೇಸ್ ಎಂದು 2000ದಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ತಂಡ ಗುರುತಿಸಲು ನೆರವಾದದ್ದು ಈ ಕೆಸರಿನ ಬ್ಯಾಕ್ಟೀರಿಯಾದ ಕಿಣ್ವದೊಂದಿಗೆ ಅದಕ್ಕಿದ್ದ ಹೋಲಿಕೆ.

ಗ್ಲೈಸೀನ್ ಮತ್ತು ಸೆಲೆನಿಯಂ

ಈ ಪ್ರಭೇದದ ಹೆಸರು ಉಳಿಯುವುದು ಮುಖ್ಯವಾಗಿ ಈ ಒಂದು ಅಧ್ಯಾಯಕ್ಕಾಗಿ.

ಗ್ಲೈಸೀನ್ ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು. ಗ್ಲೈಸೀನ್ ರಿಡಕ್ಟೇಸ್ ಎಂಬ ಕಿಣ್ವವ್ಯೂಹ ಅದರಿಂದ ಅಮೋನಿಯವನ್ನು ಕಿತ್ತು ಅಸಿಟಿಲ್ ಫಾಸ್ಫೇಟ್ ಮಾಡುತ್ತದೆ. ಅಸಿಟಿಲ್ ಫಾಸ್ಫೇಟಿನಿಂದ ನೇರವಾಗಿ ಎಟಿಪಿ ಬರುತ್ತದೆ. ಎಲೆಕ್ಟ್ರಾನುಗಳನ್ನು ಸುಮ್ಮನೆ ಸುರಿಯುವ ಗುಂಡಿಯಂತೆ ಕಾಣುವ ಗ್ಲೈಸೀನ್ ಅವನ್ನು ಪಡೆಯುವಾಗಲೇ ಶಕ್ತಿಯನ್ನೂ ಕೊಡುತ್ತದೆ ಎಂಬುದು ಆ ಕಾಲಕ್ಕೆ ಹೊಸ ಸಂಗತಿ. ಸ್ಟಾಡ್ಟ್‌ಮನ್ 1950ರ ದಶಕದ ಕೊನೆಯಿಂದಲೇ ಇದನ್ನು ಬೆನ್ನಟ್ಟಿದ್ದರು. ಕಿಣ್ವ ಒಂದಲ್ಲ, ಹಲವು ಪ್ರೋಟೀನುಗಳ ಕೂಟವೆಂದು ಗೊತ್ತಾಯಿತು; ಅವನ್ನು ಎ, ಬಿ, ಸಿ ಎಂದು ಕರೆದರು. ಇವುಗಳಲ್ಲಿ ಎ-ಪ್ರೋಟೀನ್ ಚಿಕ್ಕದು, ಬಿಸಿಗೆ ಸುಲಭವಾಗಿ ಕೆಡದ್ದು.

ತೊಂದರೆ ಕೊಟ್ಟದ್ದೂ ಈ ಎ-ಪ್ರೋಟೀನೇ. ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿದ್ದರೂ ಅದರಲ್ಲಿ ಎ-ಪ್ರೋಟೀನ್ ಕೆಲವೊಮ್ಮೆ ತೀರ ಕಡಿಮೆ ಇರುತ್ತಿತ್ತು. ಪೋಷಕ ದ್ರಾವಣಕ್ಕೆ ಸೆಲೆನೈಟ್ ಲವಣವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದಾಗ ಅದು ಮತ್ತೆ ಧಾರಾಳವಾಗಿ ಸಿಕ್ಕಿತು. ವಿಕಿರಣಶೀಲ ಸೆಲೆನಿಯಂ-75 ಬಳಸಿ ನೋಡಿದರೆ ಆ ಮೂಲವಸ್ತು ಎ-ಪ್ರೋಟೀನಿನ ಒಳಗೇ ಸೇರಿಕೊಂಡಿತ್ತು. ಟರ್ನರ್ ಮತ್ತು ಸ್ಟಾಡ್ಟ್‌ಮನ್ ಇದನ್ನು 1973ರಲ್ಲಿ ಪ್ರಕಟಿಸಿದರು.

ಇದರ ಮಹತ್ವ ತಿಳಿಯಲು ಸೆಲೆನಿಯಮ್ಮಿನ ಹಿಂದಿನ ಕಥೆ ಬೇಕು. ಸ್ವೀಡನ್ನಿನ ಬರ್ಜೀಲಿಯಸ್ 1817ರಲ್ಲಿ ಕಂಡುಹಿಡಿದ ಈ ಮೂಲವಸ್ತು ಆವರ್ತಕ ಕೋಷ್ಟಕದಲ್ಲಿ ಗಂಧಕದ ಕೆಳಗಿದೆ. ಸೆಲೆನಿಯಂ ಹೆಚ್ಚಿರುವ ಮಣ್ಣಿನ ಮೇವು ತಿಂದ ದನಕುದುರೆಗಳ ಗೊರಸು ಕಳಚುವುದು, ಕೂದಲು ಉದುರುವುದು ಕಂಡು ಅದನ್ನು ಬಹುಕಾಲ ವಿಷವೆಂದೇ ಎಣಿಸಿದ್ದರು. ಅದೇ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕ್ಲಾಸ್ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ 1957ರಲ್ಲಿ ಇಲಿಗಳ ಯಕೃತ್ತು ಸಾಯದಂತೆ ಕಾಪಾಡಲು ಸೆಲೆನಿಯಂ ಚೂರು ಬೇಕೆಂದು ತೋರಿಸಿದಾಗಿನಿಂದ ದೃಷ್ಟಿ ಬದಲಾಗತೊಡಗಿತು. ಆದರೆ ದೇಹದಲ್ಲಿ ಅದು ಮಾಡುವ ಕೆಲಸವೇನು ಎಂಬುದು ಕತ್ತಲಲ್ಲೇ ಉಳಿಯಿತು. 1973 ಆ ದೃಷ್ಟಿಯಿಂದ ಸುಗ್ಗಿಯ ವರ್ಷ. ಅತ್ತ ವಿಸ್ಕಾನ್ಸಿನ್ನಿನ ತಂಡ ಸಸ್ತನಿಗಳ ರಕ್ತದಲ್ಲಿರುವ ಗ್ಲುಟಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದಲ್ಲಿ ಸೆಲೆನಿಯಂ ಇದೆಯೆಂದು ತೋರಿಸಿತು, ಇತ್ತ ಕೆಸರಿನ ಬ್ಯಾಕ್ಟೀರಿಯಾದಲ್ಲಿ ಎ-ಪ್ರೋಟೀನ್ ಸಿಕ್ಕಿತು.

ಸೆಲೆನಿಯಂ ಪ್ರೋಟೀನಿನಲ್ಲಿ ಇದೆ, ಸರಿ, ಯಾವ ರೂಪದಲ್ಲಿ? ಪ್ರೋಟೀನನ್ನು ಆಮ್ಲದಲ್ಲಿ ಬೇಯಿಸಿ ಬಿಡಿ ಅಮೈನೋ ಆಮ್ಲಗಳನ್ನಾಗಿ ಮಾಡುವುದು ರೂಢಿಯ ವಿಧಾನ. ಆದರೆ ಸೆಲೆನಿಯಂ ಭಾಗ ಆ ಬೇಯಿಸುವಿಕೆಯಲ್ಲೇ ಹಾಳಾಗುತ್ತಿತ್ತು. ಹಾಗಾಗಿ ಮೊದಲು ಅದಕ್ಕೆ ರಾಸಾಯನಿಕ ಮುಚ್ಚಳ ತೊಡಿಸಿ, ಆಮೇಲೆ ಬೇಯಿಸಿ, ಸಿಕ್ಕಿದ್ದನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ಮಾದರಿಗಳ ಜತೆ ಹೋಲಿಸಬೇಕಾಯಿತು. ಕೋನ್, ಮಾರ್ಟಿನ್ ಡೆಲ್ ರಿಯೊ, ಡೇವಿಸ್ ಮತ್ತು ಸ್ಟಾಡ್ಟ್‌ಮನ್ 1976ರಲ್ಲಿ ಕೊಟ್ಟ ಉತ್ತರ: ಸೆಲೆನೊಸಿಸ್ಟೀನ್. ಸಿಸ್ಟೀನ್ ಎಂಬ ಅಮೈನೋ ಆಮ್ಲದಲ್ಲಿ ಗಂಧಕ ಇರುವ ಜಾಗದಲ್ಲಿ ಸೆಲೆನಿಯಂ ಇದ್ದರೆ ಅದೇ ಸೆಲೆನೊಸಿಸ್ಟೀನ್. ಒಂದೇ ಪರಮಾಣುವಿನ ವ್ಯತ್ಯಾಸ, ಆದರೆ ಗುಣ ಬಹಳ ಬೇರೆ. ಜೀವಕೋಶದ ತಟಸ್ಥ ವಾತಾವರಣದಲ್ಲಿ ಸಿಸ್ಟೀನ್ ಬಹುಪಾಲು ತನ್ನ ಜಲಜನಕವನ್ನು ಹಿಡಿದುಕೊಂಡೇ ಇರುತ್ತದೆ. ಸೆಲೆನೊಸಿಸ್ಟೀನ್ ಅದನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶ ಹೊತ್ತು ಕ್ರಿಯೆಗೆ ಸಿದ್ಧವಾಗಿ ನಿಂತಿರುತ್ತದೆ.

ಅದು ಆಕಸ್ಮಿಕವಾಗಿ ಸಿಸ್ಟೀನಿನ ಜಾಗಕ್ಕೆ ನುಸುಳಿದ್ದಲ್ಲ ಎಂಬುದು ಹತ್ತು ವರ್ಷಗಳ ಮೇಲೆ ಸ್ಪಷ್ಟವಾಯಿತು. ಇಲಿಯ ಪೆರಾಕ್ಸಿಡೇಸ್ ಜೀನನ್ನು ಓದಿದಾಗಲೂ, ಮ್ಯೂನಿಕ್ಕಿನ ಆಗಸ್ಟ್ ಬೋಕ್ ಅವರ ತಂಡ ಮತ್ತು ಸ್ಟಾಡ್ಟ್‌ಮನ್ ಸೇರಿ ಎಶೆರಿಕಿಯ ಕೊಲೈನ ಒಂದು ಜೀನನ್ನು ಓದಿದಾಗಲೂ 1986ರಲ್ಲಿ ಕಂಡದ್ದು ಒಂದೇ: ಸೆಲೆನೊಸಿಸ್ಟೀನ್ ಬರಬೇಕಾದ ಜಾಗದಲ್ಲಿ ಯುಜಿಎ ಸಂಕೇತವಿತ್ತು. ಪ್ರೋಟೀನ್ ಕಟ್ಟುವುದನ್ನು ಇಲ್ಲಿಗೆ ನಿಲ್ಲಿಸು ಎಂದು ಸಾಮಾನ್ಯವಾಗಿ ಹೇಳುವ ಸಂಕೇತ ಅದು. ಜೀವಕೋಶದಲ್ಲಿ ಇದಕ್ಕೆಂದೇ ಬೇರೆ ವಾಹಕ ಆರ್‌ಎನ್‌ಎ, ಬೇರೆ ಸಹಾಯಕ ಪ್ರೋಟೀನುಗಳು ಇರುವುದೂ ಬೋಕ್ ಅವರ ತಂಡದ ಕೆಲಸದಿಂದ ತಿಳಿಯಿತು. ಇಪ್ಪತ್ತು ಅಮೈನೋ ಆಮ್ಲಗಳ ಪಟ್ಟಿಗೆ ಇಪ್ಪತ್ತೊಂದನೆಯದು ಸೇರಿತು. ಮನುಷ್ಯನಲ್ಲಿ ಸೆಲೆನೊಸಿಸ್ಟೀನ್ ಇರುವ ಪ್ರೋಟೀನುಗಳ ಜೀನುಗಳು 25 ಎಂದು 2003ರಲ್ಲಿ ಎಣಿಸಲಾಯಿತು. ಥೈರಾಯ್ಡ್ ಹಾರ್ಮೋನನ್ನು ಕಾರ್ಯಗತಗೊಳಿಸುವ ಕಿಣ್ವಗಳು ಅವುಗಳಲ್ಲಿ ಸೇರಿವೆ. ನಮ್ಮ ಗಂಟಲಿನ ಗ್ರಂಥಿಯ ಕೆಲಸಕ್ಕೂ ಕೊಲ್ಲಿಯ ಕೆಸರಿನಲ್ಲಿ ಗ್ಲೈಸೀನ್ ಒಡೆಯುವ ಕೆಲಸಕ್ಕೂ ಒಂದೇ ಅಪರೂಪದ ಅಮೈನೋ ಆಮ್ಲ ಬೇಕಾಗಿದೆ ಎಂಬುದು, ಎಷ್ಟು ಸಲ ಓದಿದರೂ, ಬೆರಗು ಹುಟ್ಟಿಸುವ ಮಾತು.

ಲೈಸೀನ್ ಮತ್ತು ಬಿ12

ಲೈಸೀನನ್ನು ಈ ಬ್ಯಾಕ್ಟೀರಿಯಾ ಅಸಿಟಿಕ್ ಮತ್ತು ಬ್ಯುಟಿರಿಕ್ ಆಮ್ಲಗಳಾಗಿ ಒಡೆಯುತ್ತದೆ. ಅದಕ್ಕೆ ಮೊದಲು ಲೈಸೀನಿನ ತುದಿಯಲ್ಲಿರುವ ಅಮೈನೋ ಗುಂಪನ್ನು ಪಕ್ಕದ ಇಂಗಾಲಕ್ಕೆ ಸರಿಸಬೇಕು. ಆ ಕೆಲಸ ಮಾಡುವ ಅಮೈನೊಮ್ಯುಟೇಸ್ ಕಿಣ್ವಕ್ಕೆ ಬಿ12 ಮತ್ತು ಬಿ6 ಎಂಬ ಎರಡು ಜೀವಸತ್ವಗಳ ಸಹಾಯ ಒಟ್ಟಿಗೆ ಬೇಕು. ಬಿ12ರ ಕ್ರಿಯಾಶೀಲ ರೂಪವನ್ನು 1958ರಲ್ಲಿ ಬಾರ್ಕರ್ ಕಂಡುಹಿಡಿದದ್ದೂ ಅಮೈನೋ ಆಮ್ಲ ಒಡೆಯುವ ಇನ್ನೊಂದು ಕ್ಲಾಸ್ಟ್ರಿಡಿಯಂನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಸ್ಟಿಕ್‌ಲ್ಯಾಂಡಿಯೈನ ಅಮೈನೊಮ್ಯುಟೇಸಿನ ಮೂರು ಆಯಾಮದ ರಚನೆ 2004ರಲ್ಲಿ ಹೊರಬಂತು. ಲೈಸೀನ್ ಬರುವವರೆಗೆ ಬಿ12 ಭಾಗ ಕ್ರಿಯಾಸ್ಥಾನದಿಂದ ದೂರ ಸರಿದು ನಿಂತಿರುತ್ತದೆ, ಹಾಗಾಗಿ ಅದರ ಅಪಾಯಕಾರಿ ಮುಕ್ತ ರಾಡಿಕಲ್ ಅಕಾಲದಲ್ಲಿ ಹುಟ್ಟುವುದಿಲ್ಲ ಎಂದು ಅದರಿಂದ ತಿಳಿದುಬಂತು.

ಜೀನೋಮ್, ಹೆಸರು, ವಂಶ

ಜೀನೋಮಿನ ಉದ್ದ ಸುಮಾರು 27 ಲಕ್ಷ ಪ್ರತ್ಯಾಮ್ಲ ಜೋಡಿಗಳು; ಪ್ರೋಟೀನ್ ಜೀನುಗಳು ಎರಡೂವರೆ ಸಾವಿರದಷ್ಟು. ಪ್ರೋಲೀನ್ ರಿಡಕ್ಟೇಸಿನ ಜೀನುಗಳ ಸಾಲಿನಲ್ಲೇ ಅದುವರೆಗೆ ಯಾರೂ ಗುರುತಿಸದ ಒಂದು ಸೆಲೆನಿಯಂ ಪ್ರೋಟೀನ್ ಸಿಕ್ಕಿತು. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ, ಇಂಗಾಲದ ಡೈ ಆಕ್ಸೈಡನ್ನು ಹಿಡಿದು ಅಸಿಟಿಕ್ ಆಮ್ಲ ಮಾಡುವ ಎರಡು ಬೇರೆ ಬೇರೆ ದಾರಿಗಳ ಎಲ್ಲ ಜೀನುಗಳೂ ಇದರಲ್ಲಿವೆ. ಅಮೈನೋ ಆಮ್ಲಗಳನ್ನು ಒಡೆದು ಇಂಗಾಲದ ಡೈ ಆಕ್ಸೈಡ್ ಬಿಡುವ ಜೀವಿಗೆ ಅದನ್ನೇ ಮತ್ತೆ ಹಿಡಿಯುವ ಸಾಮಗ್ರಿ ಇರುವುದು ಎಲೆಕ್ಟ್ರಾನುಗಳನ್ನು ವಿಲೇವಾರಿ ಮಾಡಲು ಇನ್ನೊಂದು ಬಾಗಿಲು ಇರಲಿ ಎಂದಿರಬಹುದು.

ಬೀಜಾಣು ಮಾಡುವ ಅವಾಯುಜೀವಿ ಕೋಲುಗಳನ್ನೆಲ್ಲ ಹಿಂದೆ ಕ್ಲಾಸ್ಟ್ರಿಡಿಯಂ ಎಂಬ ಒಂದೇ ಜಾತಿಗೆ ಸೇರಿಸುತ್ತಿದ್ದರು. ಆರ್‌ಎನ್‌ಎ ಹೋಲಿಕೆಯ ಕಾಲ ಬಂದ ಮೇಲೆ ಆ ಜಾತಿ ಹರಿದು ಹಂಚಿಹೋಯಿತು. ಸ್ಟಿಕ್‌ಲ್ಯಾಂಡಿಯೈ ಪೆಪ್ಟೊಸ್ಟ್ರೆಪ್ಟೊಕಾಕೇಸೀ ಎಂಬ ಕುಟುಂಬದ್ದೆಂದು ತಿಳಿದು, 2016ರಲ್ಲಿ ಅಸಿಟೊಅನೇರೋಬಿಯಂ ಜಾತಿಗೆ ವರ್ಗವಾಯಿತು. ಆ ಜಾತಿಯ ಮೊದಲ ಪ್ರಭೇದ 1985ರಲ್ಲಿ ವಿವರಿಸಲ್ಪಟ್ಟದ್ದು. ಇಸ್ರೇಲಿನ ಹುಲಾ ಜೌಗು ಪ್ರದೇಶದಲ್ಲಿ ಎಣ್ಣೆ ಹುಡುಕಲು ಕೊರೆದ ನೊಟೆರಾ ಬಾವಿಯಿಂದ ಬಂದದ್ದು. ಹಳೆಯ ಬರಹಗಳೆಲ್ಲ ಹಳೆಯ ಹೆಸರಿನಲ್ಲೇ ಇರುವುದರಿಂದ ಓದುಗರು ಎರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ದನದ ಹೊಟ್ಟೆಯಲ್ಲಿ

ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಾದ ರೂಮೆನ್ ಕೂಡ ಆಮ್ಲಜನಕವಿಲ್ಲದ ತಾಣ. ಅಲ್ಲಿ ತಿಂದ ಪ್ರೋಟೀನಿನ ಒಂದು ಪಾಲು ಅಮೋನಿಯವಾಗುತ್ತದೆಂದು ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಅಲ್ಲಿ ಹೇರಳವಾಗಿ ಸಿಗುವ ಬ್ಯಾಕ್ಟೀರಿಯಾಗಳು ಪ್ರಯೋಗಾಲಯದಲ್ಲಿ ಬಿಡುವ ಅಮೋನಿಯವನ್ನು ಕೂಡಿಸಿದರೆ ಲೆಕ್ಕ ಹೊಂದುತ್ತಿರಲಿಲ್ಲ. ಕಾರ್ನೆಲ್‌ನ ಜೇಮ್ಸ್ ರಸೆಲ್ ಮತ್ತು ಸಂಗಡಿಗರು 1988ರಲ್ಲಿ ಅಮೈನೋ ಆಮ್ಲ ಬಿಟ್ಟರೆ ಬೇರೇನೂ ಇಲ್ಲದ ಆಹಾರದಲ್ಲಿ ಹಸುವಿನ ರೂಮೆನ್ ದ್ರವವನ್ನು ಬೆಳೆಸಿ, ಮಾಮೂಲಿ ಬ್ಯಾಕ್ಟೀರಿಯಾಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಅಮೋನಿಯ ಬಿಡುವ ತಳಿಗಳನ್ನು ಬೇರ್ಪಡಿಸತೊಡಗಿದರು. ಅವುಗಳಲ್ಲೊಂದು ಸ್ಟಿಕ್‌ಲ್ಯಾಂಡಿಯೈ ಎಂದು 1993ರಲ್ಲಿ ಆರ್‌ಎನ್‌ಎ ಹೋಲಿಕೆಯಿಂದ ಖಚಿತವಾಯಿತು.

ರೈತನಿಗೆ ಇದು ನಷ್ಟದ ಬಾಬತ್ತು. ರೂಮೆನ್ನಿನ ಇತರ ಸೂಕ್ಷ್ಮಜೀವಿಗಳು ಬಳಸಿಕೊಳ್ಳಲಾರದಷ್ಟು ಅಮೋನಿಯ ಹುಟ್ಟಿದರೆ ಅದು ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಯೂರಿಯವಾಗಿ, ಮೂತ್ರದಲ್ಲಿ ಹೋಗಿಬಿಡುತ್ತದೆ. ದುಡ್ಡು ಕೊಟ್ಟು ತಂದ ಹಿಂಡಿಯ ಪ್ರೋಟೀನ್ ಹಾಲಿಗೆ ಬರದೆ ಕೊಟ್ಟಿಗೆಯ ನೆಲಕ್ಕೆ ಸೇರಿತು ಎಂದೇ ಅರ್ಥ. ನಮ್ಮಲ್ಲಿ ಬಳಕೆಯಲ್ಲಿರುವ ಕಡಲೆಕಾಯಿ ಹಿಂಡಿಯ ಪ್ರೋಟೀನ್ ರೂಮೆನ್ನಿನಲ್ಲಿ ಬಹುಬೇಗ ಕರಗುವಂಥದ್ದು. ಹಾಲು ಒಕ್ಕೂಟಗಳ ಮೂಲಕ ಹೈನುಗಾರರಿಗೆ ಪರಿಚಯವಾಗಿರುವ ಬೈಪಾಸ್ ಪ್ರೋಟೀನ್ ಪಶು ಆಹಾರದ ಹಿಂದಿರುವ ತರ್ಕ ಇದೇ: ಹಿಂಡಿಯ ಪ್ರೋಟೀನನ್ನು ಸಂಸ್ಕರಿಸಿ, ಮೊದಲ ಹೊಟ್ಟೆಯ ಬ್ಯಾಕ್ಟೀರಿಯಾಗಳ ಕೈಗೆ ಸಿಗದಂತೆ ಮುಂದಿನ ಜಠರಕ್ಕೂ ಕರುಳಿಗೂ ದಾಟಿಸುವುದು. ಅಮೆರಿಕದ ದನಗಳಿಗೆ 1970ರ ದಶಕದಿಂದ ಕೊಡುತ್ತಿರುವ ಮೊನೆನ್ಸಿನ್ ಎಂಬ ಔಷಧ ಈ ಅಮೋನಿಯದ ತಳಿಗಳನ್ನು ಅಡಗಿಸುತ್ತದೆ. ಯೂರೋಪ್ ಒಕ್ಕೂಟ ಬೆಳವಣಿಗೆಗಾಗಿ ಇಂಥ ಔಷಧ ಕೊಡುವುದನ್ನು 2006ರಿಂದ ನಿಷೇಧಿಸಿದೆ.

ರೋಗಕಾರಕ ಬಂಧು

ಸ್ಟಿಕ್‌ಲ್ಯಾಂಡಿಯೈನ ಕುಟುಂಬದಲ್ಲೇ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಇದೆ. ನವಜಾತ ಶಿಶುಗಳ ಮಲದಲ್ಲಿ 1935ರಲ್ಲಿ ಮೊದಲಿಗೆ ಕಂಡ ಈ ಬ್ಯಾಕ್ಟೀರಿಯಾ ಆ್ಯಂಟಿಬಯಾಟಿಕ್ ಸೇವನೆಯ ನಂತರ ಬರುವ ತೀವ್ರ ಭೇದಿಗೂ ದೊಡ್ಡ ಕರುಳಿನ ಉರಿಯೂತಕ್ಕೂ ಕಾರಣವೆಂದು 1978ರಲ್ಲಿ ಗೊತ್ತಾಯಿತು. ಆಸ್ಪತ್ರೆಗಳಲ್ಲಿ ಹಿರಿಯ ರೋಗಿಗಳ ಪ್ರಾಣಕ್ಕೇ ಎರವಾಗಬಲ್ಲ ಜೀವಿ ಇದು. ಪ್ರೋಲೀನ್ ರಿಡಕ್ಟೇಸ್, ಗ್ಲೈಸೀನ್ ರಿಡಕ್ಟೇಸ್ ಎರಡೂ ಇದರಲ್ಲಿವೆ, ಎರಡಕ್ಕೂ ಸೆಲೆನಿಯಂ ಬೇಕು. ಪ್ರೋಲೀನ್ ಸಿಗುವವರೆಗೆ ಅದು ಗ್ಲೈಸೀನಿನ ದಾರಿಯನ್ನು ಮುಚ್ಚಿಟ್ಟಿರುತ್ತದೆಂದು 2013ರ ಅಧ್ಯಯನ ತೋರಿಸಿತು.

ಕೆಸರಿನ ಜೀವಿಯ ಅಭ್ಯಾಸ ಇಲ್ಲಿ ನೇರವಾಗಿ ಕೆಲಸಕ್ಕೆ ಬಂದಿದೆ. ಸ್ಟಾಡ್ಟ್‌ಮನ್ ಅವರ ಬಳಿ ತರಬೇತಿ ಪಡೆದ ವಿಲಿಯಂ ಸೆಲ್ಫ್ ಮತ್ತು ಸಂಗಡಿಗರು, ಸಂಧಿವಾತಕ್ಕೆ ಕೊಡುವ ಚಿನ್ನದ ಔಷಧವಾದ ಔರಾನೊಫಿನ್ ಸೆಲೆನಿಯಮ್ಮನ್ನು ಗಟ್ಟಿಯಾಗಿ ಹಿಡಿದುಕೊಂಡು ಡಿಫಿಸೀಲಿಗೆ ಅದು ದಕ್ಕದಂತೆ ಮಾಡುತ್ತದೆಂದು 2009ರಲ್ಲಿ ತೋರಿಸಿದರು. ಇನ್ನೊಂದು ದಾರಿ ಆಹಾರದ ಪೈಪೋಟಿ. ಕರುಳಿನಲ್ಲಿ ಆರೋಗ್ಯಕರ ಬ್ಯಾಕ್ಟೀರಿಯಾಗಳು ತುಂಬಿರುವಾಗ ಬಿಡಿ ಪ್ರೋಲೀನ್ ಡಿಫಿಸೀಲಿಗೆ ಹೆಚ್ಚು ಉಳಿಯುವುದಿಲ್ಲ. ಆ್ಯಂಟಿಬಯಾಟಿಕ್ ಅವನ್ನು ಬರಿದು ಮಾಡಿದಾಗ ಅಮೈನೋ ಆಮ್ಲಗಳು ಹೇರಳವಾಗಿ ಸಿಕ್ಕಿ ಅದು ಹಬ್ಬುತ್ತದೆ. ಸ್ಟಿಕ್‌ಲ್ಯಾಂಡ್ ಕ್ರಿಯೆ ನಡೆಸುವ ಪ್ಯಾರಾಕ್ಲಾಸ್ಟ್ರಿಡಿಯಂ ಬೈಫರ್ಮೆಂಟನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನು ಮೊದಲೇ ಕರುಳಿನಲ್ಲಿ ನೆಲೆಗೊಳಿಸಿದ ಇಲಿಗಳು ಡಿಫಿಸೀಲ್ ಸೋಂಕಿನಿಂದ ಸಾಯದೆ ಉಳಿದವು ಎಂದು 2021ರಲ್ಲಿ ಪ್ರಕಟವಾದ ಪ್ರಯೋಗ ಹೇಳುತ್ತದೆ. ಡಿಫಿಸೀಲಿಗೆ ಬೇಕಾದ ಅಮೈನೋ ಆಮ್ಲಗಳನ್ನೇ ಬೈಫರ್ಮೆಂಟನ್ಸ್ ಮುಂಚಿತವಾಗಿ ಒಡೆದು ಮುಗಿಸಿತ್ತು.